ಅಪ್‌ಡೇಟ್: ವಿಷು ರಜೆಗೆ ಕೊನೆಗೂ ಬೇಕಲಕ್ಕೇ ಹೋದೆವು

3 ಮತ್ತು 6 ವರ್ಷದ ಮಕ್ಕಳ ಜೊತೆ ವಿಷು ರಜೆಗೆ ಕಾಸರಗೋಡಿನ ರಾಣಿಪುರಂ ಗುಡ್ಡ ಹತ್ತುವುದಾ, ಕಡಲ ದಡದ ಬೇಕಲ ಕೋಟೆಯಾ ಅಂತ ಕೇಳಿದ್ದೆ ಅಲ್ವಾ? ಈ ಬಿಸಿಲಿಗೆ ಗುಡ್ಡ ಬೇಡ ಅಂದಿರಿ. ಸರಿ, ಕೋಟೆಗೆ ಹೋದೆವು.

ಬೆಳಿಗ್ಗೆ ಬೇಗ ಹೊರಟದ್ದು ಒಳ್ಳೆಯದಾಯಿತು. ಒಳಗೆ ಸುಮಾರು 40 ಎಕರೆ ಜಾಗ, ನೆರಳು ಮಾತ್ರ ಕಡಿಮೆ. ಚಿಕ್ಕವಳು ಅರ್ಧ ದಾರಿ ನನ್ನ ಹೆಗಲ ಮೇಲೆಯೇ. ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನ ಕಥೆ ಶುರು ಮಾಡಿದೆ. ಅವಳಿಗೆ ಬೇಕಾದದ್ದು ಬೊಂಡ (ಎಳನೀರು)! ದೊಡ್ಡವ ಬುರುಜಿನಿಂದ ಕಡಲು ನೋಡಿ ಇಳಿಯಲೇ ಒಪ್ಪಲಿಲ್ಲ.

ಸಂಜೆ ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರಲ್ಲೇ ತೀರಿಹೋಯಿತು, ಆಮೇಲೆ ಇನ್ನೊಂದು ಕಾಣಿಸಿಕೊಂಡಿದೆ ಅಂದೆ. ದೊಡ್ಡವನಿಗೆ ಅಷ್ಟು ಸಾಕಾಯಿತು, ಅರ್ಧ ಗಂಟೆ ಕೆರೆಯನ್ನೇ ದಿಟ್ಟಿಸಿದ. ಮೊಸಳೆ ಕಾಣಲಿಲ್ಲ. ರಾಣಿಪುರಂ ಮಳೆ ನಿಂತ ಮೇಲೆ ನೋಡೋಣ.