ಮನೆಯ ಹಳೆಯ ಮತ್ತು ಹೊಸ ಕಂಪ್ಯೂಟರ್‌ಗಳ ನಡುವೆ ಕಡತ ಹಂಚಿಕೆ: ಅನುಭವವಿದ್ದವರು ತಿಳಿಸಿ

ಕೋರಿಕೆ:
ನಮ್ಮ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಡೆಸ್ಕ್‌ಟಾಪ್, ವಿಂಡೋಸ್ 7 ಇರುವ ಲ್ಯಾಪ್‌ಟಾಪ್ ಮತ್ತು ಈಚೆಗೆ ಕೊಂಡ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪ್ ಒಂದೇ ರೂಟರ್‌ಗೆ ಸೇರಿಕೊಂಡಿವೆ. ಹಳೆಯ ಎರಡೂ ಪರಸ್ಪರ ಕಡತಗಳನ್ನು ಹಂಚಿಕೊಳ್ಳುತ್ತವೆ. ಹೊಸದರಿಂದ ಮಾತ್ರ ಅವೆರಡರ ಫೋಲ್ಡರ್‌ಗಳೂ ತೆರೆಯುತ್ತಿಲ್ಲ. ತಂದೆಯವರು ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಲೇಖನಗಳು ಎಕ್ಸ್‌ಪಿಯಲ್ಲಿಯೇ ಇವೆ. ಹೊಸದರಲ್ಲಿ ಎಸ್‌ಎಂಬಿ1 (ಕಡತ ಹಂಚಿಕೆಯ ಹಳೆಯ ವಿಧಾನ) ಚಾಲೂ ಮಾಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಮೊದಲ ಉತ್ತರ:
ಇಲ್ಲಿ ಎರಡು ಬೇರೆ ಬೇರೆ ತೊಡಕುಗಳು ಬೆರೆತಿವೆ. ಎಕ್ಸ್‌ಪಿಗೆ ಕಡತ ಹಂಚಿಕೆಯ ಎಸ್‌ಎಂಬಿ ನಿಯಮಾವಳಿಯ ಮೊದಲ ಆವೃತ್ತಿ, ಅಂದರೆ ಎಸ್‌ಎಂಬಿ1 ಮಾತ್ರ ಗೊತ್ತು; ಅದು ನಿಮ್ಮ ಹೊಸದರಲ್ಲಿ ಚಾಲೂ ಇಲ್ಲ. ಎರಡನೆಯ ಆವೃತ್ತಿ ಬಂದದ್ದು ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾದೊಂದಿಗೆ. ವಿಂಡೋಸ್ 7ಕ್ಕೆ ಎರಡೂ ಗೊತ್ತಿರುವುದರಿಂದ ಅದಕ್ಕೂ ನಿಮ್ಮ ಹೊಸ ಲ್ಯಾಪ್‌ಟಾಪಿಗೂ ಮಾತುಕತೆ ನಡೆಯಲೇಬೇಕು. ಅಲ್ಲಿ ತಡೆಯಾಗಿರುವುದು ಬಹುಮಟ್ಟಿಗೆ ಪಾಸ್‌ವರ್ಡ್. ಪಾಸ್‌ವರ್ಡ್ ಕೇಳದೆ ಯಾರನ್ನಾದರೂ ಅತಿಥಿಯಾಗಿ ಒಳಬಿಡುವ ಹಂಚಿಕೆಯನ್ನು ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ತಾನಾಗಿಯೇ ನಿರಾಕರಿಸುತ್ತದೆ.

ಆದ್ದರಿಂದ ವಿಂಡೋಸ್ 7ರಲ್ಲಿ ಒಂದು ಬಳಕೆದಾರ ಖಾತೆ ತೆರೆದು ಅದಕ್ಕೆ ಪಾಸ್‌ವರ್ಡ್ ಕೊಡಿ. ಖಾಲಿ ಪಾಸ್‌ವರ್ಡಿನ ಖಾತೆಯಿಂದ ನೆಟ್‌ವರ್ಕ್ ಮೂಲಕ ಪ್ರವೇಶ ಸಿಗುವುದಿಲ್ಲ. ಆ ಖಾತೆಗೆ ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಅನುಮತಿ ನೀಡಿ, ಪಾಸ್‌ವರ್ಡ್ ರಕ್ಷಿತ ಹಂಚಿಕೆಯನ್ನು ಆನ್ ಮಾಡಿ. ಹೊಸದರಲ್ಲಿ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣಿಸಲೆಂದು ಕಾಯದೆ, ಫೋಲ್ಡರ್ ಕಿಟಕಿಯ ಮೇಲಿನ ವಿಳಾಸದ ಪಟ್ಟಿಯಲ್ಲಿ ನೇರವಾಗಿ \\192.168.1.10 ಎಂಬಂತೆ ವಿಂಡೋಸ್ 7 ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಟೈಪ್ ಮಾಡಿ. ಮುಂದೆ ಹೊಸದರ ಫೋಲ್ಡರನ್ನು ಹಳೆಯದರಿಂದ ತೆರೆಯಬೇಕಾದರೆ, ನೀವು ದಿನವೂ ಒತ್ತುವ ಪಿನ್ ಅಲ್ಲಿ ನಡೆಯುವುದಿಲ್ಲವೆಂಬುದು ನೆನಪಿರಲಿ. ಹಂಚಿಕೆಗೆಂದೇ ಒಂದು ಪ್ರತ್ಯೇಕ ಸ್ಥಳೀಯ ಖಾತೆ ಮಾಡಿಕೊಳ್ಳುವುದು ನನ್ನ ಅನುಭವದಲ್ಲಿ ಅತ್ಯಂತ ನೆಮ್ಮದಿಯ ದಾರಿ.

ಎರಡನೆಯ ಉತ್ತರ:
ಎಸ್‌ಎಂಬಿ1 ಕುರಿತು ಹೇಳುತ್ತೇನೆ. ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ದಯವಿಟ್ಟು ಚಾಲೂ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿ, ಕಡತಗಳನ್ನು ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಇದೇ ಎಸ್‌ಎಂಬಿ1ರಲ್ಲಿದ್ದ ದೋಷದಿಂದ. ಅದಕ್ಕೆ ತಿದ್ದುಪಡಿ ಆ ವರ್ಷದ ಮಾರ್ಚಿನಲ್ಲಿಯೇ ಬಂದಿದ್ದರೂ ಹಾಕಿಕೊಳ್ಳದವರು ಬಹಳ ಮಂದಿ ಇದ್ದರು. ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಹಳೆಯ ಬಾಗಿಲನ್ನು ಮತ್ತೆ ತೆರೆಯುವಷ್ಟು ದೊಡ್ಡ ಅಗತ್ಯ ನಿಮಗಿಲ್ಲ.

ಎರಡೂ ಆವೃತ್ತಿಗಳನ್ನು ಬಲ್ಲ ವಿಂಡೋಸ್ 7 ನಿಮ್ಮಲ್ಲಿಯೇ ಇದೆ. ಮೇಲೆ ಹೇಳಿದ ತಿದ್ದುಪಡಿ ಅದರಲ್ಲಿದೆಯೇ ಎಂದು ನೋಡಿಕೊಂಡು, ಎಕ್ಸ್‌ಪಿಯ ಕಡತಗಳನ್ನು ಮೊದಲು ಅದಕ್ಕೆ ನಕಲು ಮಾಡಿ, ಅಲ್ಲಿಂದ ವಿಂಡೋಸ್ 11ಕ್ಕೆ ತೆಗೆದುಕೊಳ್ಳಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ಭದ್ರತಾ ಬೆಂಬಲವಿಲ್ಲ; ಆದ್ದರಿಂದ ಅದಕ್ಕೆ ಕೈಯಾರೆ ಐಪಿ ವಿಳಾಸ ಕೊಟ್ಟು ಡಿಫಾಲ್ಟ್ ಗೇಟ್‌ವೇ (ಇಂಟರ್ನೆಟ್‌ಗೆ ಹೋಗುವ ದಾರಿಯ ವಿಳಾಸ) ಜಾಗವನ್ನು ಖಾಲಿ ಬಿಡಿ. ಆಗ ಅದು ಮನೆಯೊಳಗಿನ ಕಂಪ್ಯೂಟರ್‌ಗಳೊಂದಿಗೆ ಮಾತ್ರ ವ್ಯವಹರಿಸುತ್ತದೆ.

ಕೇಳಿದವರು:
ವಿಂಡೋಸ್ 7ರ ಫೋಲ್ಡರ್ ತೆರೆಯಿತು, ತುಂಬಾ ಧನ್ಯವಾದಗಳು. ಆ ಲ್ಯಾಪ್‌ಟಾಪ್ ಕೆಟ್ಟರೆ ಮುಂದೇನು ಮಾಡಬೇಕು?

ಮೂರನೆಯ ಉತ್ತರ:
ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಸಾಂಬಾ ಎಂಬ ಕಡತ ಹಂಚಿಕೆಯ ತಂತ್ರಾಂಶ ಅಳವಡಿಸಿ ಅದನ್ನೇ ನಡುವಿನ ಕಂಪ್ಯೂಟರ್ ಮಾಡಿಕೊಳ್ಳಬಹುದು. 2019ರಲ್ಲಿ ಬಂದ 4.11 ಆವೃತ್ತಿಯಿಂದ ಸಾಂಬಾ ಕೂಡ ಎಸ್‌ಎಂಬಿ1 ಅನ್ನು ತಾನಾಗಿ ಒಪ್ಪುವುದಿಲ್ಲವಾದ್ದರಿಂದ, ಅದರ ಸಂರಚನೆಯಲ್ಲಿ ಕನಿಷ್ಠ ಆವೃತ್ತಿಯನ್ನು ಎನ್‌ಟಿ1 (ಅಲ್ಲಿ ಎಸ್‌ಎಂಬಿ1ಕ್ಕಿರುವ ಹೆಸರು) ಎಂದು ಬರೆಯಬೇಕಾಗುತ್ತದೆ. ಆದರೆ ಎಕ್ಸ್‌ಪಿಯಿಂದ ಒಮ್ಮೆ ಕಡತ ತೆಗೆದರೆ ಸಾಕೆನ್ನುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅದರ ಹಾರ್ಡ್ ಡಿಸ್ಕ್ ಕಳಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸದಕ್ಕೆ ಜೋಡಿಸಿದರೆ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ವಿಧಾನ) ಡಿಸ್ಕ್ ನೇರವಾಗಿ ತೆರೆಯುತ್ತದೆ. ಡಿಸ್ಕ್ ಬಹಳ ಹಳೆಯದಾದರೆ ಅಡಾಪ್ಟರ್ ಐಡಿಇ ಎಂಬ ಹಳೆಯ ಬಗೆಯ ಡಿಸ್ಕ್ ಜೋಡಣೆಗೂ ಹೊಂದುವಂಥದ್ದಿರಬೇಕು.

ಲೇಖನಗಳ ಜೊತೆಗೆ, ಅವುಗಳಲ್ಲಿ ಬಳಸಿರುವ ನುಡಿ ಫಾಂಟ್‌ಗಳನ್ನೂ ಎಕ್ಸ್‌ಪಿಯ ಫಾಂಟ್ಸ್ ಫೋಲ್ಡರಿನಿಂದ ತಪ್ಪದೆ ನಕಲು ಮಾಡಿಕೊಳ್ಳಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಬರಹವು ಆ ಫಾಂಟ್‌ಗಳಿಲ್ಲದಿದ್ದರೆ ಹೊಸ ಲ್ಯಾಪ್‌ಟಾಪಿನಲ್ಲಿ ಅರ್ಥವಾಗದ ರೋಮನ್ ಅಕ್ಷರ, ಚಿಹ್ನೆಗಳಾಗಿ ಕಾಣಿಸುತ್ತದೆ. ಫಾಂಟ್ ಅಳವಡಿಸಿ ಓದಲು ಬಂದ ಮೇಲೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಮೂಲ ಕಡತಗಳನ್ನೂ ಬೇರೊಂದು ಡಿಸ್ಕಿನಲ್ಲಿ ಹಾಗೆಯೇ ಇಟ್ಟುಕೊಳ್ಳಿ.