ಕರೆಂಟ್ ಹೋಗಿ ಟ್ರೇಲ್ ಕರಗಿತು, ಇನ್ನು ಬಳಸಬಹುದಾ?

ಕಾರವಾರದ ಹುಡುಗ: ಮೊನ್ನೆ ಮಳೆಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಫ್ರೀಜರ್‌ನಲ್ಲಿದ್ದ ಟ್ರೇಲ್ (ಕ್ಯಾನ್ಸರ್ ಕೋಶಗಳನ್ನು ಸಾಯಿಸಬಲ್ಲ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಪ್ರೋಟೀನ್) ಪೂರ್ತಿ ನೀರಾಗಿತ್ತು. ಗಾಬರಿಯಲ್ಲಿ ಮತ್ತೆ ಫ್ರೀಜ್ ಮಾಡಿಬಿಟ್ಟೆ. ಈಗ ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಹಾಕಿದರೆ ಒಂದೂ ಸಾಯುತ್ತಿಲ್ಲ, ಆರಾಮಾಗಿ ತಟ್ಟೆಗೆ ಅಂಟಿಕೊಂಡು ಕೂತಿವೆ. ಹಾಳಾಯ್ತಾ?

ಸಿರ್ಸಿ ಅಕ್ಕ: ಹಾಳಾಗಿರುವ ಸಾಧ್ಯತೆ ಜಾಸ್ತಿ ತಮ್ಮಾ. ಟ್ರೇಲ್‌ನ ಮೂರು ಸರಪಳಿಗಳು ನಡುವೆ ಒಂದು ಸತುವಿನ ಅಯಾನು ಹಿಡಿದುಕೊಂಡು ಒಟ್ಟಿಗಿದ್ದರೇನೇ ಕೋಶದ ಮೇಲಿನ ಡಿಆರ್4, ಡಿಆರ್5 ಎಂಬ ಸಾವಿನ ಸಂದೇಶ ಪಡೆಯುವ ರಿಸೆಪ್ಟರ್‌ಗಳನ್ನು ಸರಿಯಾಗಿ ಒಂದು ಕಡೆ ಸೇರಿಸುತ್ತವೆ, ಆಮೇಲೆ ಕೋಶವನ್ನು ಸಾಯಿಸುವ ಕಿಣ್ವಗಳಲ್ಲಿ ಮೊದಲು ಕ್ಯಾಸ್ಪೇಸ್-8 ಎದ್ದು ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. ಕರಗಿ ಹೆಪ್ಪುಗಟ್ಟಿದರೆ ಆ ಜೋಡಣೆ ಕೆಡಬಹುದು.

ಕುಮಟಾ ಮಾಣಿ: ಸುಮ್ನೆ ಪ್ರೋಟೀನ್ ಮೇಲೆ ತಪ್ಪು ಹೊರಿಸಬೇಡ. ಹೀಲಾ ಕೆಲವು ಸಲ ಟ್ರೇಲ್ ಒಂದಕ್ಕೇ ಬಗ್ಗುವುದಿಲ್ಲ. ಜೊತೆಗೆ ಸ್ವಲ್ಪ ಸೈಕ್ಲೋಹೆಕ್ಸಿಮೈಡ್ (ಕೋಶ ಹೊಸ ಪ್ರೋಟೀನ್ ಮಾಡುವುದನ್ನು ತಡೆಯುವ ಔಷಧ) ಹಾಕಿ ನೋಡು, ಹೋಲಿಕೆಗೆ ಸೈಕ್ಲೋಹೆಕ್ಸಿಮೈಡ್ ಒಂದನ್ನೇ ಹಾಕಿದ ತಟ್ಟೆಯನ್ನೂ ಪಕ್ಕದಲ್ಲಿಡು. ಜುರ್ಕಾಟ್ (ರಕ್ತ ಕ್ಯಾನ್ಸರ್‌ನ ಕೋಶಗಳು) ಇದೆಯಾ? ಅವು ಬೇಗ ಸಾಯುತ್ತವೆ.

ಕಾರವಾರದ ಹುಡುಗ: ಇದೆ ಅಣ್ಣ. ನಾಳೆಯೇ ನೋಡ್ತೇನೆ. ಗೈಡ್‌ಗೆ ಇನ್ನೂ ಹೇಳಿಲ್ಲ...

ಸಿರ್ಸಿ ಅಕ್ಕ: ಮೊದಲು ಹೇಳು ಮಾರಾಯಾ! ಮುಂದಿನ ಸಲ ಪುಡಿ ಕರಗಿಸಿದ ದಿನವೇ 10 ಮೈಕ್ರೋಲೀಟರ್‌ನಂತೆ ಪುಟ್ಟ ಟ್ಯೂಬ್‌ಗಳಿಗೆ ಹಂಚಿಡು. ಒಂದು ಟ್ಯೂಬ್ ಒಂದೇ ಸಲಕ್ಕೆ.