ದುಬೈ ಫ್ಲ್ಯಾಟಿಗೆ ಶಿರಸಿಯಿಂದ ದುಡ್ಡು ಕಳಿಸುವ ಮೊದಲು

ಪ್ರಶ್ನೆ (ಶಿರಸಿ): ಮಗ ದುಬೈಯಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಅಲ್ಲಿನ ಫ್ಲ್ಯಾಟುಗಳ ಶೋ ಇತ್ತು. ಇನ್ನೂ ಕಟ್ಟುತ್ತಿರುವ ಬಿಲ್ಡಿಂಗು, ಸಮುದ್ರ ಕಾಣುತ್ತದಂತೆ. ಸೈಟ್ ಮಾರಿದ್ದು, ಅಡಿಕೆ ದುಡ್ಡು ಎಲ್ಲ ಸೇರಿ ನನ್ನ ಹತ್ತಿರ 60 ಲಕ್ಷ ಇದೆ. ಹೆಚ್ಚಿನದು ಸೊಸೈಟಿ ಖಾತೆಯಲ್ಲಿದೆ. ಈ ವಾರವೇ ಕ್ರೆಡಿಟ್ ಕಾರ್ಡಲ್ಲಿ ಬುಕ್ ಮಾಡಿದರೆ ರಿಯಾಯಿತಿ ಅಂತಾರೆ. ಉಳಿದದ್ದಕ್ಕೆ ಪರಿಚಯದವರೊಬ್ಬರು, "ನೀವು ಇಲ್ಲಿ ನಮ್ಮ ಮನೆಗೆ ರೂಪಾಯಿ ಕೊಡಿ, ಅಲ್ಲಿ ನಾನು ದಿರ್ಹಾಮ್ ಕಟ್ಟುತ್ತೇನೆ" ಅಂದಿದ್ದಾರೆ. ಮಾಡಬಹುದಾ?

ಉತ್ತರ (ವಕೀಲರು, ಕಾರವಾರ): ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಬೇಡವೇ ಬೇಡ. ಎಷ್ಟೇ ನಂಬಿಕಸ್ಥರಾದರೂ ಅದು ಹವಾಲಾನೇ. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯಲ್ಲಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಅದಕ್ಕಿಂತ ಹೆದರಬೇಕಾದ್ದು 37ಎ ಕಲಮಿಗೆ. ಕಾನೂನು ಮೀರಿ ಹೊರಗೆ ಆಸ್ತಿ ಮಾಡಿದರೆ ಅಷ್ಟೇ ಬೆಲೆಯ ಆಸ್ತಿಯನ್ನು ಇಲ್ಲಿ ಜಪ್ತಿ ಮಾಡಬಹುದು. ಫ್ಲ್ಯಾಟ್ ದುಬೈಯಲ್ಲಿ, ಕೈ ಹಾಕುವುದು ನಿಮ್ಮ ತೋಟಕ್ಕೆ.

ಸರಿಯಾದ ದಾರಿ ಎಲ್‌ಆರ್‌ಎಸ್, ಅಂದರೆ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್. ರಿಸರ್ವ್ ಬ್ಯಾಂಕಿನ ಈ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. ನಿಮ್ಮ ಮೊತ್ತ ಅದರೊಳಗೇ ಇದೆ, ಆ ಚಿಂತೆ ಬಿಡಿ. ಆದರೆ ಸೊಸೈಟಿಯಿಂದ ನೇರ ಹೋಗುವುದಿಲ್ಲ. ವಿದೇಶಿ ವಿನಿಮಯದ ಪರವಾನಗಿ ಇರುವ ಬ್ಯಾಂಕೇ ಬೇಕು, ಎ2 ಫಾರಂ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ) ಮತ್ತು ಪ್ಯಾನ್ ಬೇಕು. ಆಸ್ತಿಗೆ ಕಳಿಸುವಾಗ ಆ ಬ್ಯಾಂಕಿನಲ್ಲಿ ಖಾತೆ ತೆರೆದು ವರ್ಷವಾಗಿರಬೇಕು. ಹೊಸ ಖಾತೆಯಾದರೆ ಹಿಂದಿನ ವರ್ಷದ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸೈಟಿನ ಕ್ರಯಪತ್ರ, ಅಡಿಕೆ ಮಾರಿದ ಬಿಲ್ಲು ಈಗಲೇ ತೆಗೆದಿಡಿ. ಬುಕ್ಕಿಂಗ್ ಹಣವೂ ಈ ದಾರಿಯಲ್ಲೇ ಹೋಗಬೇಕು. ಕಾರ್ಡ್ ಉಜ್ಜಬೇಡಿ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ಹಿಡಿಯುತ್ತದೆ. 60 ಲಕ್ಷ ಕಳಿಸಿದರೆ ಹಿಡಿಯುವುದು 10 ಲಕ್ಷ, ಅದನ್ನು ಬೇರೆಯೇ ಹೊಂದಿಸಬೇಕು. ಇದು ಕಳೆದುಹೋಗುವ ದುಡ್ಡಲ್ಲ. ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಿಕೆಯಾಗುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಕೈಗೆ ಸಿಗುವುದಿಲ್ಲ. ಶೋದಲ್ಲಿ ಇದನ್ನು ಯಾರೂ ಹೇಳಿರಲಿಕ್ಕಿಲ್ಲ, ಅಲ್ವಾ?

ಪ್ರಶ್ನೆ (ಅವರೇ): ಹೇಳಲಿಲ್ಲ. ಆ ಬಿಲ್ಡರ್ ಸಾಚಾನಾ ಅಂತ ಇಲ್ಲಿಂದ ತಿಳಿಯುವುದು ಹೇಗೆ?

ಉತ್ತರ: ಮಗ ಅಲ್ಲೇ ಇದ್ದಾನಲ್ಲ, ಅವನಿಗೆ ಒಂದು ಸಂಜೆಯ ಕೆಲಸ. ದುಬೈ ಭೂ ಇಲಾಖೆಯ 'ದುಬೈ ರೆಸ್ಟ್' ಆ್ಯಪ್‌ನಲ್ಲಿ ಪ್ರಾಜೆಕ್ಟ್ ನೋಂದಣಿ ಆಗಿದೆಯಾ, ಕಟ್ಟಡ ಎಲ್ಲಿಗೆ ಬಂತು ಅಂತ ನೋಡಲಿ. ಏಜೆಂಟರ ಬ್ರೋಕರ್ ನಂಬರನ್ನೂ ಪರಿಶೀಲಿಸಲಿ. ವಿದೇಶಿಯರಿಗೆ ಪೂರ್ತಿ ಮಾಲಿಕತ್ವ ಸಿಗುವುದು ಗೊತ್ತುಮಾಡಿದ ಪ್ರದೇಶಗಳಲ್ಲಿ ಮಾತ್ರ. ನಿಮ್ಮದು ಅದರೊಳಗೆ ಬರಬೇಕು.

ಮುಖ್ಯವಾದದ್ದು ಎಸ್ಕ್ರೋ ಖಾತೆ, ಅಂದರೆ ಬಿಲ್ಡರ್ ತನಗೆ ಬೇಕಾದ ಹಾಗೆ ತೆಗೆಯಲಾಗದ ಕಾಯ್ದಿಟ್ಟ ಖಾತೆ. ಅಲ್ಲಿನ 2007ರ 8ನೇ ಕಾನೂನಿನ ಪ್ರಕಾರ, ಕಟ್ಟುತ್ತಿರುವ ಫ್ಲ್ಯಾಟಿನ ಹಣ ಆ ಪ್ರಾಜೆಕ್ಟಿನದ್ದೇ ಎಸ್ಕ್ರೋ ಖಾತೆಗೆ ಹೋಗಬೇಕು. ಬ್ಯಾಂಕಿಗೆ ಕೊಡುವ ಫಾರಂನಲ್ಲಿ ಹಣ ಪಡೆಯುವವರ ಜಾಗದಲ್ಲಿ ಏಜೆಂಟರ ಹೆಸರೋ ಬೇರೆ ಕಂಪನಿಯೋ ಇದ್ದರೆ ಅಲ್ಲೇ ನಿಲ್ಲಿಸಿ. ಕಟ್ಟುವ ಹಂತದಲ್ಲಿ ನಿಮ್ಮ ಹೆಸರಿಗೆ 'ಊಕೂದ್' ಅನ್ನುವ ನೋಂದಣಿ ಆಗಬೇಕು. ಬಿಲ್ಡರ್ ಕೊಟ್ಟ ರಸೀದಿ ಅದಕ್ಕೆ ಸಮವಲ್ಲ. ನೋಂದಣಿಗೆ ಬೆಲೆಯ 4% ಶುಲ್ಕವಿದೆ. ಆಮೇಲೆ ವರ್ಷ ವರ್ಷ ಸರ್ವಿಸ್ ಚಾರ್ಜ್ ಬೇರೆ. ಕಂತಿನ ಪ್ಲ್ಯಾನ್ ಆದರೆ ಸಹಿಗೆ ಮೊದಲೇ ಒಪ್ಪಂದವನ್ನು ನಿಮ್ಮ ಬ್ಯಾಂಕಿನ ಫಾರೆಕ್ಸ್ ವಿಭಾಗಕ್ಕೆ ತೋರಿಸಿ.

ಸಮುದ್ರ ನೋಡಲಿಕ್ಕೇ ಆದರೆ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋದರೆ ಸಾಕಿತ್ತು. ಸುಮ್ನೆ ಹೇಳಿದೆ!

ಪ್ರಶ್ನೆ (ಹೊನ್ನಾವರ): ನಡುವೆ ಬಂದೆ, ಕ್ಷಮಿಸಿ. ನನ್ನ ಗಂಡ ಅಲ್ಲಿ ದುಡಿಯುತ್ತಿದ್ದಾಗ ಅಲ್ಲಿನ ಸಂಬಳದಲ್ಲೇ ಫ್ಲ್ಯಾಟ್ ತಗೊಂಡಿದ್ದಾರೆ. ಈಗ ಊರಿಗೇ ಬರುತ್ತಿದ್ದಾರೆ. ಮಾರಬೇಕಾ?

ಉತ್ತರ: ಮಾರಬೇಕಿಲ್ಲ. ಹೊರಗೆ ನೆಲೆಸಿದ್ದಾಗ ಕೊಂಡದ್ದನ್ನು ಬಂದ ಮೇಲೂ ಇಟ್ಟುಕೊಳ್ಳಬಹುದು, ಫೆಮಾ 6(4)ರಲ್ಲಿ ಅದು ಸ್ಪಷ್ಟವಾಗಿದೆ. ಆದರೆ ತೆರಿಗೆ ಲೆಕ್ಕದಲ್ಲಿ ಪೂರ್ತಿ ಇಲ್ಲಿನ ನಿವಾಸಿಯಾದ ವರ್ಷದಿಂದ ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ (ವಿದೇಶಿ ಆಸ್ತಿಯ ಪಟ್ಟಿ) ಆ ಫ್ಲ್ಯಾಟ್ ತೋರಿಸಲೇಬೇಕು. ಬಾಡಿಗೆಗೂ ಇಲ್ಲಿ ತೆರಿಗೆ ಇದೆ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ. 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ ಈಗ ವಿನಾಯಿತಿ ಇದೆ, ಆದರೆ ಅದು ಮನೆ-ಜಾಗಕ್ಕೆ ಅನ್ವಯಿಸುವುದಿಲ್ಲ. ಶಿರಸಿಯವರೇ, ನೀವಂತೂ ಮೊದಲ ವರ್ಷದಿಂದಲೇ ತೋರಿಸಬೇಕು.

ಪ್ರಶ್ನೆ (ಶಿರಸಿ): ಹಾಗಾದರೆ ಮಗನ ಹೆಸರಿಗೇ ಮಾಡಿದರೆ?

ಉತ್ತರ: ನನಗೆ ಅದೇ ಒಳ್ಳೆಯದು ಅನಿಸುತ್ತದೆ. ನೀವು ಮಗನಿಗೆ ಗಿಫ್ಟ್ ಅಂತ ಕಳಿಸಿ, ಅವನು ಕೊಳ್ಳಲಿ. ಎಲ್‌ಆರ್‌ಎಸ್ ಮಿತಿ, ಟಿಸಿಎಸ್ ಗಿಫ್ಟಿಗೂ ಇವೆ. ಆದರೆ ಸಹಿಗೆಲ್ಲ ಅವನು ಅಲ್ಲೇ ಇರುತ್ತಾನೆ, ನೀವು ಮುಖ್ತ್ಯಾರ್‌ಪತ್ರ ಮಾಡಿಸಿ ದೆಹಲಿ, ದೂತಾವಾಸ, ಅರಬ್ಬಿ ಅನುವಾದ ಅಂತ ಓಡಾಡುವುದು ತಪ್ಪುತ್ತದೆ. ಫ್ಲ್ಯಾಟ್ ಕೈಗೆ ಬಂದ ಮೇಲೆ ಅಲ್ಲಿನ ಆಸ್ತಿಗೆ ಅಲ್ಲೇ ಒಂದು ಉಯಿಲು ನೋಂದಾಯಿಸಲಿ. ಮುಸ್ಲಿಮೇತರರಿಗೆ ದುಬೈಯ ಡಿಐಎಫ್‌ಸಿ (ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ಕೋರ್ಟಿನಲ್ಲಿ ಅದಕ್ಕೆ ವ್ಯವಸ್ಥೆ ಇದೆ.

ಶೋದಲ್ಲಿ ಏನಾದರೂ ಸಹಿ ಮಾಡಿದ್ದೀರಾ? ಮಾಡಿದ್ದರೆ ಆ ಫಾರಂ ಫೋಟೋ ನನಗೆ ಖಾಸಗಿಯಾಗಿ ಕಳಿಸಿ. ಗುಂಪಿನಲ್ಲಿ ಹಾಕಬೇಡಿ, ಅದರಲ್ಲಿ ಪಾಸ್‌ಪೋರ್ಟ್ ನಂಬರ್ ಇರುತ್ತದೆ.